ತಾಯಿ ಮತ್ತು ನಗು

"ಆಂಟಿ, ತಾಯಿ ಕಾಣ್ತಿದಾಳೆ, ನಗು ಎಲ್ಲಿ?"

"ನಿನ್ನ ಮುಖದ ಮೇಲಿದೆಯಲ್ಲ, ಅದೇ," ಎಂದಳು ಕಾವಲಕ್ಕ, ಚಿತ್ರ ನೋಡಲು ಬಂದಿದ್ದ ಹುಡುಗನಿಗೆ. ಬೆಳಗ್ಗೆಯಿಂದ ಇದು ಒಂಬತ್ತನೇ ಸಲ.

ಚಿತ್ರಶಾಲೆಯ ಮೂರನೇ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಹಳೇ ಕಾಲದ ಅಮ್ಮಂದಿರನ್ನೂ ಮಕ್ಕಳನ್ನೂ ಕಾಯುವುದು ಅವಳ ಕೆಲಸ. ಹದಿನಾಲ್ಕು ವರ್ಷ ನೋಡೀ ನೋಡೀ, ಈ ಚಿತ್ರಗಳನ್ನೆಲ್ಲ ಬರೆದವರಲ್ಲಿ ಅರ್ಧ ಜನ ಮಗು ಎತ್ತಿಕೊಂಡವರೇ ಅಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಒಂದು ಕೂಸಿಗೆ ಪಿಂಚಣಿ ತೆಗೆದುಕೊಳ್ಳುವ ವಯಸ್ಸಿನ ಮುಖ, ಇನ್ನೊಂದನ್ನು ಅದರಮ್ಮ ನೀರಿನ ಕೊಡದ ಹಾಗೆ ಸೊಂಟಕ್ಕಿಟ್ಟಿದ್ದಾಳೆ, ಮತ್ತೊಂದರ ಕುತ್ತಿಗೆಗೆ ಆಸರೆಯೇ ಇಲ್ಲ. ಕಿಟಕಿ ಪಕ್ಕದ ಚಿತ್ರದಲ್ಲಿ ಮಾತ್ರ ಹೆಂಗಸಿನ ಅಂಗೈ ಸರಿಯಾಗಿ ಕೂಸಿನ ತಲೆಯ ಕೆಳಗಿದೆ. ಅದರ ಹೆಸರಿನ ಹಲಗೆಯಲ್ಲೇ ಎಡವಟ್ಟು. ಟೈಪ್ ಮಾಡಿದವನು 'ಮಗು' ಬದಲು 'ನಗು' ಎಂದು ಒತ್ತಿ, 'ತಾಯಿ ಮತ್ತು ನಗು' ಎಂದೇ ಅಚ್ಚಾಗಿ, ಎಂಟು ತಿಂಗಳಿಂದ ಗೋಡೆಗೆ ಅಂಟಿಕೊಂಡಿದೆ.

ಆದರೆ ಅವಳ ಹೊಟ್ಟೆ ಉರಿಸುತ್ತಿದ್ದದ್ದು ನಗು ಅಲ್ಲ, ತಾಯಿ. ಇಲ್ಲಿಗೆ ಸೇರುವ ಮುಂಚೆ ಅವಳು ಆರು ವರ್ಷ ಒಂದು ದೊಡ್ಡ ಮನೆಯಲ್ಲಿ ಮಗು ನೋಡಿಕೊಂಡವಳು. ಜ್ವರ ಬಂದಾಗ ಎದೆಗವಚಿಕೊಂಡು ಅಡ್ಡಾಡಿದವಳೂ ಅವಳೇ, ಫೋಟೋದವನು ಬಂದಾಗ "ನೀನು ಸ್ವಲ್ಪ ಪಕ್ಕಕ್ಕೆ ಹೋಗು" ಅನ್ನಿಸಿಕೊಂಡವಳೂ ಅವಳೇ. ಆ ಮನೆಯ ಇಡೀ ಆಲ್ಬಮ್ಮಿನಲ್ಲಿ ಅವಳದ್ದೆಂದು ಇರುವುದು ಒಂದು ಮೊಣಕೈ. ಹಾಗಾಗಿ ಚಿತ್ರದ ಹೆಂಗಸನ್ನು ಕಂಡ ಮೊದಲ ದಿನವೇ ಗುರುತು ಹತ್ತಿತ್ತು. ಮಗುವಿಗೆ ಜರಿ ಅಂಗಿ, ಇವಳ ಭುಜದಲ್ಲಿ ತೇಪೆ. ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ, ಕಣ್ಣು ಬಾಗಿಲ ಕಡೆ. ಯಾರೋ ಬಂದು ಮಗುವನ್ನು ಈಸಿಕೊಳ್ಳಲಿದ್ದಾರೆ.

ಊಟದ ಬಿಡುವಿನಲ್ಲಿ, ಹಲಗೆ ಬರೆಸುವ ಸಾಹೇಬರ ಕೋಣೆಗೆ ಅವಳು ಮತ್ತೆ ಮೆಟ್ಟಿಲು ಹತ್ತಿದಳು.

"ಬಂದ್ರಾ ತಾಯಿ. ಖುಷಿ ಪಡಿ, ಇವತ್ತು ಆಗೋಯ್ತು. ನಗು ತೆಗೆದು ಮಗು. ಕೋಣೆ ಕಾವಲಿನವರು ನೋಡಿದಾರೆ ಅಂತ ಇಲ್ಲೊಂದು ಸಹಿ ಹಾಕಿದ್ರೆ ನಾಳೆನೇ ಹೊಸ ಹಲಗೆ."

"ತಾಯಿ ತೆಗೆದು ದಾದಿ ಅಂತ ಹಾಕಿ ಅಂದಿದ್ನಲ್ಲ ಸರ್."

"ಅಕ್ಷರ ಬದಲಾಯಿಸೋದು ನನ್ನ ಕೈಲಿದೆ. ಪದ ಬದಲಾಯಿಸೋಕೆ ಕಮಿಟಿ ಕೂರ್ಬೇಕು, ಪುರಾವೆ ಕೇಳ್ತಾರೆ. ಏನಿದೆ ನಿಮ್ಮತ್ರ?"

"ತೇಪೆ ಇದೆ."

"ಬಡವರ ಮನೆ ತಾಯಿ ಇರಬಹುದಲ್ಲ."

"ಬಡವರ ಮಗುಗೆ ಜರಿ ಅಂಗಿ ಯಾರು ಹೊಲಿಸಿದ್ರು, ನೀವಾ?"

ಸಾಹೇಬರು ಕೆಮ್ಮಿದರು. "ಇಷ್ಟು ತಲೆ ಕೆಡಿಸ್ಕೋಬೇಡಿ. ಸಹಿ ಬಿದ್ರೆ ಫೈಲ್ ಮುಚ್ಚುತ್ತೆ, ಆಮೇಲೆ ಹತ್ತು ವರ್ಷ ಯಾರೂ ಅದರ ತಂಟೆಗೆ ಬರಲ್ಲ."

ಸಮಾಧಾನಕ್ಕೆಂದೇ ಅವರು ಹಾಗೆ ಹೇಳಿದ್ದು. ಪೆನ್ನು ಹಿಡಿದಿದ್ದ ಕಾವಲಕ್ಕನ ಕೈ ಅಲ್ಲೇ ನಿಂತಿತು. ಅವಳ ನೌಕರಿಯಲ್ಲಿ ಉಳಿದಿದ್ದದ್ದು ನಾಲ್ಕೇ ವರ್ಷ.

"ಸಹಿ ಹಾಕಲ್ಲ ಸರ್. ನಗುನೇ ಇರ್ಲಿ."

"ಜನ ಆಡ್ಕೊಂಡು ನಗ್ತಾರೆ ಕಣಮ್ಮ."

"ನಗ್ಲಿ ಬಿಡಿ. ಹಲಗೆ ತಪ್ಪು ಅಂತಾನಾದ್ರೂ ಗೊತ್ತಾಗುತ್ತೆ. ಮಗು ಅಂತ ಸರಿ ಮಾಡಿದ್ರೆ ತಾಯಿನೂ ಸರಿ ಅಂದ್ಕೋತಾರೆ. ಕಮಿಟಿ ಯಾವತ್ತು?"

"ಮುಂದಿನ ಮಂಗಳವಾರ. ಆದ್ರೆ ಸಿಬ್ಬಂದಿ ಮಾತು ಅಲ್ಲಿ ನಡೆಯಲ್ಲ, ಸಾರ್ವಜನಿಕರ ದೂರು ಮಾತ್ರ ಕೇಳ್ತಾರೆ."

"ಮಂಗಳವಾರ ನನಗೆ ವಾರದ ರಜಾ," ಎಂದು ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು. "ಸಾರ್ವಜನಿಕರ ಸಾಲಲ್ಲೇ ನಿಂತು, ಟಿಕೆಟ್ ತಗೊಂಡು, ಹತ್ತೂವರೆಗೆ ದೂರು ಕೊಡೋಕೆ ಬರ್ತೀನಿ. ನೀವೂ ಇರಿ."