ನಾಲ್ಕನೇ ಹಾಸಿಗೆಗೆ ತಲುಪದ ಮಾತು

ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಡಬ್ಬಿ ಮೇಡಂ. ಹೊಸಬರಿಗೆ ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಡುವ ಮೊದಲ ದಿನ ಅವಳು ಮನೆಯಿಂದ ನಾಲ್ಕು ಊಟದ ಡಬ್ಬಿ ತಂದು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದಳು. ಹೊಸಬರು ಊಟ ಸಿಗುತ್ತದೆಂದು ಆಸೆಯಿಂದ ನೋಡುವರು. ಎಲ್ಲವೂ ಖಾಲಿ.

"ಇದು ನಿಂದು, ಇದು ಅವಳದು, ಇದು ಅವನದು," ಎಂದು ಹಂಚುವಳು. "ಒಂದೇ ಅಚ್ಚಿನಿಂದ ಒಂದೊಂದು ಆಬ್ಜೆಕ್ಟ್, ಅಂದ್ರೆ ಒಂದೊಂದು ಪ್ರತಿ, ಹುಟ್ಟಿದಾಗಲೂ ಮೆಮೊರಿಯಲ್ಲಿ ಅದಕ್ಕೇ ಅಂತ ಒಂದು ಡಬ್ಬಿ. ನಿನ್ನ ಡಬ್ಬಿಗೆ ನೀನು ಏನು ಹಾಕ್ಕೊಂಡ್ರೂ ಪಕ್ಕದವರದು ಅಲ್ಲಾಡಲ್ಲ." ಆಮೇಲೆ ಬಾಗಿಲ ಬಳಿಯ ನೀರಿನ ಡ್ರಮ್ಮಿನ ಕಡೆ ಕೈ ತೋರಿಸುವಳು. "ಸ್ಟ್ಯಾಟಿಕ್ ಅಂದ್ರೆ ಅದು. ಅದು ಯಾರ ಡಬ್ಬಿಯೊಳಗೂ ಇರಲ್ಲ, ಇಡೀ ಕ್ಲಾಸಿಗೆ, ಅಂದ್ರೆ ಆ ಅಚ್ಚಿಗೆ, ಒಂದೇ, ಬೇರೆ ಜಾಗದಲ್ಲಿ. ನಾಲ್ಕು ಜನ ಇರಲಿ, ನಾಲ್ಕು ಸಾವಿರ ಜನ ಇರಲಿ, ಒಂದೇ. ಒಬ್ಬ ಉಪ್ಪು ಸುರಿದ ಅಂದ್ರೆ ಎಲ್ಲರ ಬಾಯೂ ಉಪ್ಪು."

ಕೊನೆಗೆ ಬೆರಳು ಎತ್ತಿ ಒಂದು ಎಚ್ಚರಿಕೆ. ಹೊಸಬರು ಮಾಡುವ ಸೋಮಾರಿ ಕೆಲಸ ಒಂದಿದೆ. ಬರೆದದ್ದನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಕಂಪೈಲರ್ ತಕರಾರು ತೆಗೆದು, "ಇದು ಸ್ಟ್ಯಾಟಿಕ್ ಅಲ್ಲ, ಇಲ್ಲಿಂದ ಮುಟ್ಟೋಕಾಗಲ್ಲ" ಎಂದು ಪರದೆಯ ಮೇಲೆ ಕೆಂಪು ಅಕ್ಷರ ಉಗುಳಿದಾಗ, ಯೋಚನೆ ಮಾಡುವ ಬದಲು ಆ ಸಾಲಿನ ಮುಂದೆ ಸ್ಟ್ಯಾಟಿಕ್ ಎಂದು ಒಂದು ಪದ ತುರುಕಿಬಿಡುತ್ತಾರೆ. ತಕರಾರು ನಿಲ್ಲುತ್ತದೆ. ಎಲ್ಲರ ಡಬ್ಬಿಯಲ್ಲಿ ಇರಬೇಕಾದದ್ದು ಡ್ರಮ್ಮಿಗೆ ಬಿದ್ದಿರುತ್ತದೆ. "ಹಾಗೆ ಮಾಡಿದವರ ಕಿವಿ ಹಿಂಡ್ತೀನಿ," ಎನ್ನುವಳು, ಮತ್ತು ಹಾಗೆ ಮಾಡಿದವರ ಮೇಜಿನ ಬಳಿ ಹೋಗಿ ಎಲ್ಲರೆದುರಿಗೆ ಮಾನ ಕಳೆಯುತ್ತಲೂ ಇದ್ದಳು. ತಪ್ಪು ಮಾಡಿದವರನ್ನು ಸುಮ್ಮನೆ ಬಿಡುವ ಜಾಯಮಾನ ಅವಳದಲ್ಲ. ಅದನ್ನು ಅವಳು ಅಪ್ಪನಿಂದಲೇ ಪಡೆದು ಬಂದಿದ್ದಳು.

ಅಪ್ಪ ದರ್ಜಿ. ಹೆಂಡತಿ ತೀರಿಕೊಂಡಾಗ ಮಗಳಿಗೆ ಒಂಬತ್ತು ವರ್ಷ. ಅಂದಿನಿಂದ ಒಂದು ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆ, ಒಂದು ಕಣ್ಣು ಒಲೆಯ ಮೇಲೆ ಇಟ್ಟುಕೊಂಡು ಅವಳನ್ನು ಸಾಕಿದ. ಮಗಳಿಗೆ ಹೊಲಿದ ಅಂಗಿಯ ಅಂಚು ಒಂದು ಎಳೆ ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯುವನು. ಅವಳು ಶಾಲೆಗೆ ತಡವಾಯಿತೆಂದು ಒಳ ಅಂಗಿಯಲ್ಲೇ ಕುಣಿಯುವಳು. ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ. ಬೆಳಗ್ಗೆ ಜಗಳ, ಮಧ್ಯಾಹ್ನ ಮೌನ, ಸಂಜೆ ಒಂದೇ ತಟ್ಟೆ. ಹೀಗೇ ಮೂವತ್ತು ವರ್ಷ ನಡೆಯಿತು.

ಎಪ್ಪತ್ತನಾಲ್ಕಕ್ಕೆ ಅವನ ಕೈ ನಡುಗತೊಡಗಿತು. ಒಂದೇ ತಿಂಗಳಲ್ಲಿ ಎರಡು ಸಲ ಸೂಜಿ ಬೆರಳಿನೊಳಗೆ ಇಳಿಯಿತು. ಎರಡನೆಯ ಸಲ ಉಗುರನ್ನೇ ತೂತು ಮಾಡಿತು. ಒಂದು ಬೆಳಗ್ಗೆ ಅವನು ವಾಕಿಂಗ್‌ಗೆ ಹೋಗಿದ್ದಾಗ ಮಗಳು ಯಂತ್ರವನ್ನು ಹೊಲಿಗೆ ಕಲಿಸುವ ಶಾಲೆಯೊಂದಕ್ಕೆ ಕೊಟ್ಟುಬಿಟ್ಟಳು. ಕೇಳಿದರೆ ಕೊಡಲು ಬಿಡುವುದಿಲ್ಲ ಎಂದು ಗೊತ್ತಿದ್ದೇ ಕೇಳಲಿಲ್ಲ.

ಹತ್ತೂವರೆಗೆ ಆಫೀಸಿಗೆ ಫೋನ್ ಬಂತು.

"ಮಿಷನ್ ಎಲ್ಲಿ?"

"ಕೊಟ್ಟೆ ಅಪ್ಪ. ಸಂಜೆ ಬಂದು ಹೇಳ್ತೀನಿ."

"ನನ್ನ ಕೈ ಕಡಿದು ಯಾರಿಗೋ ಕೊಟ್ಟು ಬಂದಿದ್ದೀಯಲ್ಲೇ!"

ಆಗಲೂ ಅವಳು ಸುಮ್ಮನಿದ್ದಿದ್ದರೆ ಸಂಜೆ ಒಂದೇ ತಟ್ಟೆಯಾಗುತ್ತಿತ್ತು. ಸುಮ್ಮನಿರಲಿಲ್ಲ. "ಕಂಡವರ ಬಟ್ಟೆ ಹಾಳು ಮಾಡೋಕೆ ಮಿಷನ್ ಬೇರೆ ಕೇಡು ನಿಂಗೆ," ಎಂದುಬಿಟ್ಟಳು. ಆ ಕಡೆ ಫೋನ್ ಇಟ್ಟ ಸದ್ದು.

ಅವಳ ಎದುರಿಗೆ ಪರದೆಯ ಮೇಲೆ ಕೆಂಪು ಅಕ್ಷರ ಕಾಯುತ್ತಿತ್ತು. ಅವಳು ಬರೆಯುತ್ತಿದ್ದ ಪ್ರೋಗ್ರಾಂ ಆಸ್ಪತ್ರೆಯೊಂದರ ಸಾಂಕ್ರಾಮಿಕ ರೋಗಗಳ ವಾರ್ಡಿಗೆ. ಅಲ್ಲಿಗೆ ಮನೆಯವರು ಹೋಗುವಂತಿಲ್ಲ, ಒಳಗಿದ್ದವರ ಕೈಗೆ ಫೋನೂ ಇಲ್ಲ. ಮನೆಯವರು ಒಂದು ನಂಬರಿಗೆ ಫೋನ್ ಮಾಡಿ ಹಾಸಿಗೆ ಸಂಖ್ಯೆ ಒತ್ತಿ ಮಾತಾಡಿದರೆ ಪ್ರೋಗ್ರಾಂ ಅದನ್ನು ಹಿಡಿದಿಡುತ್ತದೆ. ನರ್ಸ್ ರೋಗಿಯ ಬಳಿ ಬಂದು ಗುಂಡಿ ಒತ್ತಿ ಕೇಳಿಸುತ್ತಾಳೆ. ಹದಿನಾಲ್ಕು ಹಾಸಿಗೆ, ಹದಿನಾಲ್ಕು ಆಬ್ಜೆಕ್ಟ್. ಒಂದೊಂದರಲ್ಲೂ ಸಂಖ್ಯೆ, ರೋಗಿಯ ಹೆಸರು, ಮನೆಯವರ ಮಾತು. ಆ ಮಾತಿನ ಸಾಲಿನ ಬಗ್ಗೆಯೇ ಕಂಪೈಲರ್ ತಕರಾರು ತೆಗೆದಿತ್ತು. ಅವಳ ಕಣ್ಣಲ್ಲಿ ನೀರಿತ್ತು, ತಲೆಯಲ್ಲಿ ಬೆಂಕಿಯಿತ್ತು. ಸದ್ಯಕ್ಕೆ ಇರಲಿ, ಊಟ ಆದ ಮೇಲೆ ತೆಗೆದರಾಯಿತು ಎಂದು ಸ್ಟ್ಯಾಟಿಕ್ ಎಂಬ ಆ ಒಂದು ಪದವನ್ನು ತುರುಕಿದಳು. ತಕರಾರು ನಿಂತಿತು. ಒಂದು ಹಾಸಿಗೆ ಇಟ್ಟುಕೊಂಡು ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿತ್ತು. ಒಬ್ಬನೇ ಇದ್ದಾಗ ಡಬ್ಬಿಗೂ ಡ್ರಮ್ಮಿಗೂ ಏನು ವ್ಯತ್ಯಾಸ? ಊಟ ಆದ ಮೇಲೆ ಅವಳಿಗೆ ಅದು ನೆನಪಿರಲಿಲ್ಲ.

ಎರಡು ತಿಂಗಳು ಅಪ್ಪ ಮಗಳು ಮಾತು ಬಿಟ್ಟರು. ಒಂದೇ ಮನೆ, ಒಂದೇ ಒಲೆ, ಎರಡು ತಟ್ಟೆ. ಅವನು ಯಂತ್ರವಿದ್ದ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿರುವನು. ಅವಳು ಮುಂದೆ ಹೋಗಿ ಏನೋ ಹೇಳಬೇಕೆಂದು ಬಾಯಿ ತೆರೆಯುವಳು, ಅವನು ಮುಖ ತಿರುಗಿಸುವನು. ಮರುದಿನ ಅವನು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವನು, ಇವಳು ಚಪ್ಪಲಿ ಮೆಟ್ಟಿ ಹೊರಟೇಬಿಡುವಳು. ಹಟಕ್ಕೆ ಬಿದ್ದವರ ಕಥೆಯೇ ಇಷ್ಟು.

ಮೂರನೆಯ ತಿಂಗಳು ಅವನಿಗೆ ಜ್ವರ ಬಂತು. ಎರಡೇ ದಿನಕ್ಕೆ ಉಸಿರು ಕಟ್ಟಿತು. ಅದೇ ಆಸ್ಪತ್ರೆ, ಅದೇ ವಾರ್ಡ್, ನಾಲ್ಕನೇ ಹಾಸಿಗೆ. ಸ್ಟ್ರೆಚರ್ ಬಾಗಿಲು ದಾಟುವಾಗ ಅವನು ತಲೆ ತಿರುಗಿಸಿ ನೋಡಿದ. ಅವಳು ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.

ಮಾತಾಡಲು ತಾನೇ ಮಾಡಿಕೊಟ್ಟ ದಾರಿ ಇದೆಯಲ್ಲ ಎಂದು ಅವಳಿಗೆ ಅಷ್ಟರಲ್ಲೂ ಒಂದು ಸಮಾಧಾನ. ಆ ಸಂಜೆ ಫೋನ್ ಮಾಡಿ ನಾಲ್ಕನ್ನು ಒತ್ತಿದಳು. "ಅಪ್ಪಾ, ನಾನು. ತಪ್ಪಾಯ್ತು ಅಪ್ಪ. ನಿನ್ನ ಕೇಳದೆ ಮಿಷನ್ ಕೊಟ್ಟಿದ್ದು ತಪ್ಪು, ಹಾಗೆ ಅಂದಿದ್ದು ಇನ್ನೂ ದೊಡ್ಡ ತಪ್ಪು. ಹೊಟ್ಟೆಗೆ ಹಾಕ್ಕೋ. ಬೇಗ ಬಾ ಮನೆಗೆ." ಹೀಗೆ ನಾಲ್ಕು ದಿನ, ನಾಲ್ಕು ಸಲ. ದಿನವೂ ಕೆಳಗಿನ ಕೌಂಟರಿನಲ್ಲಿ ಕೇಳುವಳು, "ಕೇಳಿಸಿದ್ರಾ?" "ಕೇಳಿಸಿದ್ದಾರೆ ಮೇಡಂ," ಎಂದು ಉತ್ತರ ಬರುವುದು.

ಐದನೆಯ ದಿನ ಬೆಳಗ್ಗೆ ಅಪ್ಪ ಹೋದ.

ಅತ್ತಳು, ಊಟ ಬಿಟ್ಟಳು, ಕಿಟಕಿಯ ಬಳಿಯ ಕುರ್ಚಿಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ಆದರೂ ಅವಳಿಗೆ ಹಿಡಿದುಕೊಳ್ಳಲು ಒಂದು ಆಸರೆ ಇತ್ತು: ಹೋಗುವ ಮುಂಚೆ ಅಪ್ಪ ಕೇಳಿಸಿಕೊಂಡ. ನಾಲ್ಕು ಸಲ ಕೇಳಿಸಿಕೊಂಡ. ಆ ಒಂದು ಮಾತಿನ ಬಲದ ಮೇಲೆ ಎಂಟನೆಯ ದಿನ ಆಫೀಸಿಗೆ ಬಂದಳು.

ಪಕ್ಕದ ಮೇಜಿನವನು ತಮಾಷೆಗಾರ. ಅವಳ ಮುಖದಲ್ಲಿ ಒಂದಿಷ್ಟು ನಗು ತರಿಸೋಣ ಎಂದು ಬಂದ ದೂರುಗಳಲ್ಲಿ ಒಂದನ್ನು ಜೋರಾಗಿ ಓದಿದ, ಪಾಪ. "ಮೇಡಂ, ಇದು ಕೇಳಿ. ನಿಮ್ಮ ವಾರ್ಡ್ ಪ್ರೋಗ್ರಾಮಿಂದೇ. ಒಂಬತ್ತನೇ ಹಾಸಿಗೆಯಲ್ಲಿದ್ದ ಅಜ್ಜಿ ವಾಸಿಯಾಗಿ ಮನೆಗೆ ಹೋಗಿದ್ದಾರಂತೆ. ಅವರಿಗೆ ಮಕ್ಕಳೇ ಇಲ್ಲ. ಆದ್ರೆ ಯಾರೋ ಹೆಂಗಸು ಅವರನ್ನ ಅಪ್ಪಾ ಅಂತ ಕರೆದು, ಕೇಳದೆ ಮಿಷನ್ ಕೊಟ್ಟಿದ್ದು ತಪ್ಪಾಯ್ತು ಅಂತ ಗೋಳೋ ಅಂತ ಅತ್ತಳಂತೆ! ಯಾರಮ್ಮಾ ಅವಳು, ಪಾಪ, ಅವಳಪ್ಪನಿಗೆ ಹೇಳಿದ್ರಾ ಅಂತ ಕೇಳ್ತಿದ್ದಾರೆ ಅಜ್ಜಿ."

ಅವಳು ಪ್ರೋಗ್ರಾಂ ತೆರೆದಳು. ಹುಡುಕಬೇಕಾಗಿಯೇ ಇರಲಿಲ್ಲ. ಸಂಖ್ಯೆ, ಹೆಸರು ಎರಡೂ ಒಂದೊಂದು ಹಾಸಿಗೆಗೆ ಬೇರೆ ಬೇರೆ, ನೆಟ್ಟಗೆ ಇದ್ದವು. ಮೂರನೆಯದಾದ ಮಾತಿನ ಸಾಲಿನ ಮುಂದೆ ಆ ಪದ ಕೂತಿತ್ತು. ಹದಿನಾಲ್ಕು ಹಾಸಿಗೆಗೂ ಮಾತಿಗೆ ಒಂದೇ ಜಾಗ. ಯಾರು ಕೊನೆಗೆ ಫೋನ್ ಮಾಡಿದರೋ ಅವರದೇ ಎಲ್ಲರಿಗೂ. ಅದಕ್ಕೆ ಮುಂಚಿನದು ಗುರುತಿಲ್ಲದೆ ಅಳಿಸಿಹೋದಂತೆ. ವಾರ್ಡಿನಲ್ಲಿ ಎರಡು ಮೂರು ಜನ ಇದ್ದಾಗ ಫೋನ್ ಬಂದ ತಕ್ಷಣ ನರ್ಸ್ ಹೋಗಿ ಕೇಳಿಸುತ್ತಿದ್ದಳು, ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ವಾರ್ಡ್ ತುಂಬಿದ ಮೇಲೆ ಸಾಲಾಗಿ ಫೋನ್ ಬಂದವು.

ಮಾತುಗಳು ಉಳಿದಿರಲಿಲ್ಲ, ಹೊತ್ತು ಮಾತ್ರ ದಾಖಲಾಗಿತ್ತು. ಅವಳು ಬೆರಳಿಟ್ಟು ಓದಿದಳು. ಮೊದಲ ದಿನ ಅವಳ ಫೋನಿಗೂ ನಾಲ್ಕನೇ ಹಾಸಿಗೆಯ ಗುಂಡಿಗೂ ನಡುವೆ ಐದು ಜನ ಮಾತಾಡಿದ್ದರು. ಎರಡನೆಯ ದಿನ ಮೂವರು. ಮೂರನೆಯ ದಿನ ಅವಳು ಫೋನ್ ಇಟ್ಟ ಮರುಗಳಿಗೆ ನರ್ಸ್ ಗುಂಡಿ ಒತ್ತಿದ್ದಳು, ಆದರೆ ಒಂಬತ್ತನೇ ಹಾಸಿಗೆಯಲ್ಲಿ. ನಾಲ್ಕಕ್ಕೆ ಬರುವ ನಲವತ್ತು ಸೆಕೆಂಡ್ ಮುಂಚೆ ಇನ್ನೊಬ್ಬರ ಮಾತು ಬಂದು ಕೂತಿತ್ತು. ನಾಲ್ಕನೆಯ ದಿನ ನಾಲ್ಕನೇ ಹಾಸಿಗೆಯ ಗುಂಡಿಯನ್ನೇ ಒತ್ತಿರಲಿಲ್ಲ.

ಮ್ಯಾನೇಜರ್ ಬಂದು ಬೆನ್ನು ತಟ್ಟಿದ. "ಸಣ್ಣ ಸುಧಾರಣೆ ಅಂತ ಬರೆದು ಸರಿ ಮಾಡ್ಬಿಡಿ. ದೊಡ್ಡದು ಮಾಡೋದು ಬೇಡ." ಅವಳು, "ತಪ್ಪು ನನ್ನದು, ಇಂಥ ದಿನದಿಂದ ಇಂಥ ದಿನದವರೆಗೆ ಯಾರ ಮಾತೂ ಅವರವರಿಗೆ ಮುಟ್ಟಿದೆ ಎಂದು ನಂಬಬೇಡಿ" ಎಂದು ಆಸ್ಪತ್ರೆಗೆ ಬರೆದಳು, ಆ ಪದ ತೆಗೆದಳು, ಮತ್ತು ಆಟೋ ಹಿಡಿದು ವಾರ್ಡಿನ ನರ್ಸನ್ನು ಕಾಣಲು ಹೋದಳು. ನಾಲ್ಕನೆಯ ದಿನ ಗುಂಡಿ ಏಕೆ ಒತ್ತಲಿಲ್ಲ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು.

ನರ್ಸ್ ಕೆಲಸ ಮುಗಿಸಿ ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ದರ್ಜಿ ಅಜ್ಜನ ಮಗಳು ಎಂದಾಗ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

"ಒಳ್ಳೇ ಮನುಷ್ಯ. ಆದ್ರೆ ಜ್ವರಕ್ಕೆ ಸ್ವಲ್ಪ ತಲೆ ಕೆಟ್ಟಿತ್ತು ಮೇಡಂ. ಮೊದಲ ದಿನ ಕೇಳಿಸಿದಾಗಲೇ, 'ಇದು ನನ್ನ ಮಗಳಲ್ಲ' ಅಂದ್ರು. ಅಜ್ಜ, ನೋಡಿ, ನಾಲ್ಕನೇ ಹಾಸಿಗೆ, ನಿಮ್ಮದೇ ಹೆಸರು ಇದೆ ಅಂತ ತೋರಿಸಿದೆ. 'ನನ್ನ ಮಗಳ ದನಿ ನಂಗೆ ಗೊತ್ತಿಲ್ವಾ ಸಿಸ್ಟರ್, ನಾನು ಸಾಕಿದವಳು' ಅಂದ್ರು. ಮರುದಿನವೂ ಅದೇ. 'ಇವತ್ತಾದ್ರೂ ಬಂತಾ?' ಅಂತ ಅವರೇ ಕೇಳೋರು. ಕೇಳಿಸಿದ್ರೆ ತಲೆ ಅಲ್ಲಾಡಿಸೋರು."

"ಕೊನೇ ದಿನ?"

"ಕೊನೇ ದಿನ ನಾನು ಗುಂಡಿ ಒತ್ತೋಕೆ ಹೋದೆ, ಬೇಡ ಅಂತ ಕೈ ಹಿಡಿದ್ರು. 'ಯಾರ ಮನೆ ಮಕ್ಕಳೋ ಯಾರಿಗೋ ಹೇಳ್ತಿರೋದು, ನಾನು ಕದ್ದು ಕೇಳಿದ ಹಾಗಾಗುತ್ತೆ' ಅಂದ್ರು. ಆಮೇಲೆ ಒಂದು ಫೋನ್ ಕೊಡಿ ಅಂದ್ರು. ಒಳಗೆ ಫೋನ್ ಕೊಡೋ ಹಾಗಿಲ್ಲ, ಇಲ್ಲ ಅಂದೆ."

"ಯಾರಿಗೆ ಮಾಡ್ಬೇಕಿತ್ತಂತೆ ಸಿಸ್ಟರ್?"

"ನಿಮಗೇ. ಮಿಷನ್ ಹೋದ್ರೆ ಹೋಗಲಿ, ನೀನು ಮಾತಾಡು ಸಾಕು ಅಂತ ಹೇಳ್ಬೇಕಿತ್ತಂತೆ." ನರ್ಸ್ ಅವಳ ಮೊಣಕಾಲಿನ ಮೇಲೆ ಕೈ ಇಟ್ಟಳು. "ನೀವು ಮನಸ್ಸಿಗೆ ಹಚ್ಕೋಬೇಡಿ ಮೇಡಂ. ದಿನಾ ತಪ್ಪದೆ ಫೋನ್ ಮಾಡಿದ್ರಿ. ಅವರಿಗೇ ತಿಳೀಲಿಲ್ಲ ಅಷ್ಟೆ, ಜ್ವರದ ತಲೆ."

ಡಬ್ಬಿ ಮೇಡಂ ಹೌದು ಎಂದುಬಿಟ್ಟಿದ್ದರೆ ಆಗುತ್ತಿತ್ತು, ನರ್ಸ್ ಆದರೂ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದಳು. ಅಪ್ಪನ ತಲೆ ಕೆಟ್ಟಿತ್ತು ಎಂದು ಇನ್ನೊಬ್ಬರು ನಂಬಿಕೊಂಡಿರುವುದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

"ಜ್ವರ ಅಲ್ಲ ಸಿಸ್ಟರ್," ಎಂದಳು. "ಅಪ್ಪ ಹೇಳಿದ್ದೇ ಸರಿ. ಅದು ನಾನಲ್ಲ."