ಅಮ್ಮನ ಬೈಬಲ್ಲಿನ ದಾರಗಳು

ನನ್ನ ಅಮ್ಮ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಒಗೆಯುವುದು ಅವಳ ಕೆಲಸವಲ್ಲ, ಗುರುತು ಹಾಕುವುದು. ಬಾಗಿಲ ಪಕ್ಕದಲ್ಲೇ ತಗಡು ಹೊದಿಸಿದ ಉದ್ದನೆಯ ಮೇಜು. ಅದರ ಮೇಲೆ ದಾರದ ಡಬ್ಬಿ, ಒಂದು ಬಟ್ಟೆಯ ಗಂಟಿಗೆ ಚುಚ್ಚಿಟ್ಟ ಸೂಜಿಗಳು. ಆಸ್ಪತ್ರೆಗೆ ಬಂದ ಪ್ರತಿಯೊಂದು ಹೊಸ ಹಾಸುಬಟ್ಟೆಯೂ ಮೊದಲು ಅಮ್ಮನ ಕೈ ದಾಟಬೇಕಿತ್ತು. ಮೂಲೆಯಲ್ಲಿ ಒಂದು ಉದ್ದ ಹೊಲಿಗೆ ಇದ್ದರೆ ಗಂಡಸರ ವಾರ್ಡು. ಎರಡಿದ್ದರೆ ಹೆಂಗಸರದು. ಸಣ್ಣ ಸಣ್ಣ ಮೂರು ಹೊಲಿಗೆ ಮಕ್ಕಳದು. ಅಡ್ಡ ಹೊಲಿಗೆ ಆಪರೇಷನ್ ಕೋಣೆಯದು. ಒಗೆದರೂ ಕಲೆ ಹೋಗದ ಬಟ್ಟೆಗೆ ಹಳದಿ ದಾರ ಕಟ್ಟಿದರೆ, ಅದನ್ನು ಮತ್ತೊಮ್ಮೆ ಕುದಿಸಬೇಕು ಎಂದು ಅರ್ಥ.

ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಅಪ್ಪನಿಗೆ ಬರುತ್ತಿತ್ತು. ಅದೇ ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುವ ಕೆಲಸ ಅವರದು. ಮದುವೆಯ ದಿನ ಅಪ್ಪನ ಅಪ್ಪ ಕೊಟ್ಟ ದಪ್ಪ ಬೈಬಲ್ಲೊಂದು ನಮ್ಮ ಮನೆಯಲ್ಲಿತ್ತು. ಸಂಜೆ ಊಟವಾದ ಮೇಲೆ ಅಪ್ಪ ಕಾಲು ಚಾಚಿ ಕುಳಿತು ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತಿದ್ದರು. ಅಮ್ಮ ಬಟ್ಟೆ ಮಡಿಸುತ್ತಾ ಕೇಳುತ್ತಿದ್ದಳು. ಯಾವುದಾದರೂ ಮಾತು ಮನಸ್ಸಿಗೆ ನಾಟಿದರೆ ಮಡಿಸುವುದನ್ನು ನಿಲ್ಲಿಸಿ, ಸೂಜಿ ತಂದು, ಆ ಹಾಳೆಯ ಅಂಚಿನಿಂದ ಒಂದು ಬೆರಳು ಒಳಗೆ ಹೊಲಿಗೆ ಹಾಕುತ್ತಿದ್ದಳು. ದಾರದ ತುದಿ ಹಾಳೆಯಿಂದ ಒಂದು ಅಕ್ಕಿಕಾಳಿನಷ್ಟು ಹೊರಗೆ ಇಣುಕುವಂತೆ ಬಿಡುತ್ತಿದ್ದಳು.

"ಮುಂದಕ್ಕೆ ಓದ್ಲಾ, ಇಲ್ಲ ಇದಕ್ಕೂ ಸೂಜಿ ಬೇಕಾ?" ಎಂದು ಅಪ್ಪ ಛೇಡಿಸುತ್ತಿದ್ದರು.

"ಸ್ವಲ್ಪ ನಿಲ್ಲಿ. ನಿಮ್ಮ ಬಾಯೂ ನಿಮ್ಮ ಬಾಯ್ಲರ್ ಥರಾನೇ. ಒಂದ್ಸಲ ಬಿಸಿಯಾದ್ರೆ ಆರೋದೇ ಇಲ್ಲ."

"ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದ್ರೆ ಆಗಲ್ವೇನೇ?"

"ಪೆನ್ಸಿಲ್ ಉಜ್ಜಿದ್ರೆ ಹೋಗುತ್ತೆ. ದಾರ ಎಲ್ಲಿಗೆ ಹೋಗುತ್ತೆ?"

ಅವಳಿಗೆ ಗೊತ್ತಿದ್ದ ಲಿಪಿ ಆಸ್ಪತ್ರೆಯದು, ಅದನ್ನೇ ಬೈಬಲ್ಲಿಗೂ ತಂದಳು. ಅಪ್ಪನಿಗೂ ನನ್ನ ತಮ್ಮನಿಗೂ ಬೇಕಾದ ಮಾತಿಗೆ ಒಂದು ಹೊಲಿಗೆ. ತನಗೂ ನನಗೂ ಆಗುವ ಮಾತಿಗೆ ಎರಡು. ಮಕ್ಕಳ ಮಾತಿಗೆ ಮೂರು. ಭಯವಾದಾಗ ಬೇಕಾಗುವ ಮಾತಿಗೆ ಅಡ್ಡ ಹೊಲಿಗೆ. ತನ್ನನ್ನೇ ಬೈದಂತೆ ಇರುವ ಮಾತು ಬಂದರೆ ಹಳದಿ ದಾರ. "ನಾನು ಇನ್ನೂ ಒಂದ್ಸಲ ಕುದೀಬೇಕು ಅಂತ ಗುರುತು," ಎನ್ನುತ್ತಿದ್ದಳು. ಒಮ್ಮೆ ಮನೆಗೆ ಬಂದ ಪಾದ್ರಿಗಳು ಪುಸ್ತಕ ತೆರೆದು ನೋಡಿ ಗಾಬರಿಯಾದರು.

"ಏನಮ್ಮಾ ಇದು, ಬೈಬಲ್ಲನ್ನ ಯಾರಾದ್ರೂ ಹೊಲೀತಾರಾ?"

"ನಿಮ್ಮ ಬೈಬಲ್ಲಲ್ಲಿ ನೀವು ಕೆಂಪು ಗೆರೆ ಎಳೆದಿದ್ದೀರಲ್ಲ, ನಾನು ನೋಡಿದ್ದೀನಿ. ನನಗೆ ಗೆರೆ ಎಳೆಯೋಕೆ ಬರಲ್ಲ ಪಾದ್ರಿಗಳೇ, ಹೊಲಿಯೋಕೆ ಬರುತ್ತೆ."

ಪಾದ್ರಿಗಳು ನಕ್ಕು ಪುಸ್ತಕ ಮುಚ್ಚಿದರು. ಹಳದಿ ದಾರ ಯಾಕೆ ಎಂದು ಅವರು ಕೇಳಲಿಲ್ಲ, ಅಮ್ಮ ಹೇಳಲೂ ಇಲ್ಲ.

ನಮ್ಮನ್ನು ಕೂರಿಸಿಕೊಂಡು ಉಪದೇಶ ಮಾಡಿದವಳಲ್ಲ ಅವಳು. ಕೆಲಸಕ್ಕೆ ಹೊರಡುವ ಮುನ್ನ ಬೈಬಲ್ಲಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಒಂದು ದಾರ ಹಿಡಿದು ತೆರೆದು, ಅಲ್ಲಿ ಬೆರಳಿಟ್ಟು ಅರೆಗಳಿಗೆ ನಿಲ್ಲುತ್ತಿದ್ದಳು. ಅಲ್ಲಿ ಏನಿದೆ ಎಂಬುದು ಅವಳಿಗೆ ಬಾಯಿಪಾಠ. ನಂತರ ಪುಸ್ತಕ ಮುಚ್ಚಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅಪ್ಪ ತೀರಿಕೊಂಡ ವಾರ ಅವಳು ದಿನವೂ ಒಂದೇ ಅಡ್ಡ ಹೊಲಿಗೆಯ ಬಳಿ ನಿಂತದ್ದನ್ನು ನಾನು ನೋಡಿದ್ದೇನೆ. ಎಂಟನೆಯ ದಿನ ಬೇರೆ ಹಾಳೆ ತೆರೆದಳು.

ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಮನೆಯಲ್ಲಿ ಓದುವ ಕೆಲಸ ಮೊದಲು ಅಪ್ಪನದು, ಆಮೇಲೆ ತಮ್ಮನದು. ಅವನು ಮದುವೆಯಾಗಿ ಬೇರೆ ಊರಿಗೆ ಹೋದ. ನನ್ನ ಯಜಮಾನರು ತೀರಿಹೋದ ಮೇಲೆ ನಾನು ಐವತ್ತೆಂಟನೇ ವಯಸ್ಸಿಗೆ ಅಮ್ಮನ ಮನೆಗೆ ಬಂದೆ. ಆಗ ಅಮ್ಮನಿಗೆ ಎಪ್ಪತ್ತೆಂಟು, ಕಣ್ಣು ಪೂರ್ತಿ ಹೋಗಿತ್ತು. ಓದುವ ಕೆಲಸ ನನ್ನ ತಲೆಗೆ ಬಂತು. ಅಕ್ಷರದ ಕೆಳಗೆ ಬೆರಳಿಟ್ಟು ತಡವರಿಸಿ ಓದುತ್ತಿದ್ದೆ. ಯಾವುದನ್ನು ಓದಬೇಕೆಂದು ನನ್ನನ್ನು ಅಮ್ಮ ಕೇಳುತ್ತಿರಲಿಲ್ಲ. ಹೆಬ್ಬೆರಳಲ್ಲಿ ದಾರ ಹುಡುಕಿ, ಹೊಲಿಗೆ ಎಣಿಸಿ, ತಾನೇ ತೆರೆದು ಕೊಡುತ್ತಿದ್ದಳು. ಊಟ ಬಡಿಸುವವಳು ನಾನು, ಸ್ನಾನಕ್ಕೆ ನೀರು ಬೆರೆಸುವವಳು ನಾನು, ರಸ್ತೆ ದಾಟಿಸುವವಳು ನಾನು. ಆ ಮನೆಯಲ್ಲಿ ಅವಳೇ ಕೈಯಾರೆ ಆರಿಸಿ ತೆಗೆಯುವುದು ಇನ್ನು ಅದೊಂದೇ ಉಳಿದಿತ್ತು.

ಒಂದು ಬೇಸಿಗೆಯಲ್ಲಿ ಬೈಬಲ್ಲಿನ ಬೆನ್ನು ಬಿಟ್ಟುಕೊಂಡಿತು. ತಮ್ಮನ ಮಗಳಿಗೆ ಮಗು ಹುಟ್ಟಿತ್ತು. ಅಮ್ಮನನ್ನು ಹನ್ನೆರಡು ದಿನಕ್ಕೆ ಕರೆದುಕೊಂಡು ಹೋಗಲು ತಮ್ಮ ಬಂದ.

"ನಾನು ಬರೋಷ್ಟರಲ್ಲಿ ಬೈಂಡ್ ಮಾಡಿಸಿಡು," ಎಂದಳು ಅಮ್ಮ. "ಒಂದು ಹಾಳೆನೂ ಹೋಗಬಾರದು, ನೋಡ್ಕೋ."

"ಒಂದು ಹಾಳೆನೂ ಹೋಗಲ್ಲಮ್ಮ."

ಮಾರನೆಯ ದಿನವೇ ಪುಸ್ತಕವನ್ನು ಬೈಂಡರ್ ಬಳಿ ಕೊಂಡುಹೋದೆ. ನಮ್ಮ ರಸ್ತೆಯ ಕೊನೆಯಲ್ಲಿ ಅವನ ಅಂಗಡಿ. ಬೆರಳುಗಳ ಮೇಲೆ ಸದಾ ಒಣಗಿದ ಅಂಟು ಇರುತ್ತಿದ್ದುದರಿಂದ ಎಲ್ಲರೂ ಅವನನ್ನು ಅಂಟಿನ ತಾತ ಎನ್ನುತ್ತಿದ್ದರು. ಕೆಲಸದಲ್ಲಿ ಬಹಳ ಶುದ್ಧ. "ಒಂದು ಹಾಳೆನೂ ಹೋಗಬಾರದು ತಾತಾ," ಎಂದು ಮೂರು ಸಲ ಹೇಳಿದೆ. ದಾರದ ವಿಷಯ ಹೇಳಲಿಲ್ಲ. ಮರೆತದ್ದಲ್ಲ, ಹೇಳಬೇಕು ಎಂದು ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ನೋಡಿದ ಬೈಬಲ್ಲಿನಲ್ಲಿ ಅಕ್ಷರ ಎಷ್ಟು ಸಹಜವೋ ದಾರವೂ ನನಗೆ ಅಷ್ಟೇ ಸಹಜ.

ಏಳನೇ ದಿನ ಹೋದೆ. ಪುಸ್ತಕ ಹೊಸದರಂತೆ ನಿಂತಿತ್ತು. ಕಪ್ಪು ರಟ್ಟು, ನೇರವಾದ ಬೆನ್ನು. ತಾತ ಅದನ್ನು ತಟ್ಟಿ, ಪಕ್ಕದಲ್ಲಿ ಒಂದು ಕಾಗದದ ಪೊಟ್ಟಣ ಇಟ್ಟ.

"ಯಾರೋ ಕಸುಬು ಗೊತ್ತಿಲ್ಲದೋರು ಎಲ್ಲೆಲ್ಲೋ ಹೊಲಿದಿದ್ರು ತಂಗಿ. ಒಂದೊಂದೇ ಗಂಟು ಕತ್ತರಿಸಿ ನಾಜೂಕಾಗಿ ತೆಗೆದಿದ್ದೀನಿ. ಒಂದು ಹಾಳೆನೂ ಹರಿದಿಲ್ಲ, ನೋಡು."

ಹೆಬ್ಬೆರಳನ್ನು ಅಂಚಿನ ಮೇಲೆ ಆಡಿಸಿದೆ. ಬೋಳು. ಗಾಜಿನ ಹಾಗೆ ಜಾರಿತು. ನನ್ನ ಮುಖ ನೋಡಿ ತಾತನ ಮುಖವೂ ಇಳಿಯಿತು.

"ಯಾಕೆ, ಏನಾಯ್ತು?"

"ಅದು ನಮ್ಮಮ್ಮ ಹೊಲಿದಿದ್ದು ತಾತಾ. ಅವಳಿಗೆ ಕಣ್ಣು ಕಾಣಲ್ಲ. ಆ ದಾರ ಹಿಡ್ಕೊಂಡೇ ಅವಳು ಜಾಗ ಹುಡುಕೋದು."

ತಾತ ಸ್ಟೂಲಿನ ಮೇಲೆ ಕುಸಿದು ಕುಳಿತ. "ಅಯ್ಯೋ ದೇವರೇ! ನಲವತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ ತಾಯಿ. ಅಂಚು ಕತ್ತರಿಸೋಕೆ ಮುಂಚೆ ದಾರ, ಪಿನ್ನು, ಎಲ್ಲ ತೆಗೀಬೇಕು ಅಂತಾನೇ ನಂಗೆ ಕಲಿಸಿರೋದು."

ಅವನನ್ನು ಏನೆಂದು ಬೈಯುವುದು? ಪೊಟ್ಟಣವನ್ನು ಎದೆಗವಚಿಕೊಂಡು ಮನೆಗೆ ಬಂದೆ. ಅಮ್ಮ ಬರಲು ಐದು ದಿನ ಉಳಿದಿತ್ತು.

ಕಿಟಕಿಯ ಬಳಿ ಬಿಳಿ ಬಟ್ಟೆ ಹಾಸಿ ದಾರಗಳನ್ನು ಸುರಿದೆ. ಮೂವತ್ತೆಂಟು. ವರ್ಷಗಟ್ಟಲೆ ಹಾಳೆಯಲ್ಲಿ ಕುಳಿತ ದಾರ ಹೊಲಿಗೆಯ ಆಕಾರವನ್ನು ಬಿಟ್ಟಿರಲಿಲ್ಲ. ಒಂದು ಹೊಲಿಗೆಯದಕ್ಕೆ ಎರಡು ಕಡೆ ಬಳುಕು, ಮೂರು ಹೊಲಿಗೆಯದು ಹುಳುವಿನ ಹಾಗೆ ಸುರುಳಿ. ಹಾಳೆಗಳಲ್ಲಿ ಸೂಜಿಯ ತೂತುಗಳೂ ಇದ್ದವು. ಬೆಳಕಿಗೆ ಹಿಡಿದರೆ ಕಾಣುತ್ತಿದ್ದವು. ದಾರ ಒತ್ತಿದ ಕಡೆ ಸಣ್ಣ ತಗ್ಗು, ಕೆಲವು ಕಡೆ ಬಣ್ಣದ ಕಲೆ. ಇಪ್ಪತ್ತೆರಡು ಜಾಗ ನನಗೇ ನೆನಪಿತ್ತು. ಅವನ್ನು ಎರಡು ದಿನದಲ್ಲಿ ಮುಗಿಸಿದೆ. ಉಳಿದವಕ್ಕೆ ತೂತು ಎಣಿಸುವುದು, ದಾರದ ಉದ್ದ ಅಳೆಯುವುದು, ಕಲೆಗೆ ಬಣ್ಣ ಹೊಂದಿಸುವುದು. ಅಲ್ಲೇನು ಬರೆದಿದೆ ಎಂದೂ ಓದುತ್ತಿದ್ದೆ. ಬೈದಂತಿದ್ದರೆ ಹಳದಿ ಎಂದು ಧೈರ್ಯವಾಗುತ್ತಿತ್ತು. ನಾಲ್ಕನೇ ದಿನ ಮಧ್ಯಾಹ್ನಕ್ಕೆ ಮೂವತ್ತೇಳು ದಾರಗಳು ತಮ್ಮ ತಮ್ಮ ಮನೆ ಸೇರಿದವು. ಒಂದು ಉಳಿಯಿತು.

ಕಪ್ಪು ದಾರ. ಗಿಡ್ಡ, ದಪ್ಪ, ಒಂದೇ ಕಡೆ ಗಂಟು. ಅದಕ್ಕೆ ಸರಿಹೊಂದುವ ತೂತು ಎಲ್ಲೂ ಇರಲಿಲ್ಲ. ಅಮ್ಮ ಕಪ್ಪು ದಾರ ಬಳಸಿದ್ದು ನನಗೆ ನೆನಪಿಲ್ಲ. ನನಗೆ ಹೇಳದ ಯಾವ ನೋವಿಗೆ ಇದನ್ನು ಹೊಲಿದಳೋ ಎಂದುಕೊಂಡೆ. ಹಾಳೆ ಬಿಡಬಾರದು ಎಂದು ಮೊದಲನೇ ಪುಟದಿಂದ ಹಿಡಿದೆ. ಪ್ರತಿ ಹಾಳೆಯನ್ನೂ ಬೆಳಕಿಗೆ ಎತ್ತಿ ಹಿಡಿದು, ತೂತು ಹುಡುಕುತ್ತಾ, ಕಣ್ಣಿಗೆ ಬಿದ್ದದ್ದನ್ನು ಓದುತ್ತಾ ಹೋದೆ. ಹೀಗೆ ಒಂದೂವರೆ ದಿನ. ಕೊನೆಯ ಪುಟದವರೆಗೂ ಕಪ್ಪು ದಾರದ ಜಾಗ ಸಿಗಲಿಲ್ಲ.

ಐದನೇ ದಿನ ಸಂಜೆ ತಮ್ಮ ಅಮ್ಮನನ್ನು ಬಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ. ಅಮ್ಮ ಕೈಕಾಲು ತೊಳೆದುಕೊಂಡು ಕುಳಿತು ಕೈ ಚಾಚಿದಳು. ಪುಸ್ತಕ ಕೊಟ್ಟೆ. ಮೊದಲು ಮೂಸಿದಳು. "ಅಂಟು ಚೆನ್ನಾಗಿದೆ," ಎಂದಳು. ಹೆಬ್ಬೆರಳು ಅಂಚಿನ ಮೇಲೆ ಹೊರಟಿತು. ಒಂದು ದಾರದ ಬಳಿ ನಿಂತಿತು, ಇನ್ನೊಂದರ ಬಳಿ, ಮತ್ತೊಂದರ ಬಳಿ.

"ಇದು ನನ್ನ ಗಂಟಲ್ಲ," ಎಂದಳು.

"ಅಮ್ಮಾ..."

"ನಾನು ಎಡಕ್ಕೆ ಸುತ್ತಿ ಕಟ್ಟೋಳು. ಇದು ಬಲಕ್ಕೆ ಸುತ್ತಿದೆ. ನಿನ್ನ ಗಂಟು. ಏನು ಮಾಡಿದ್ಯೇ?"

ಎಲ್ಲ ಹೇಳಿದೆ. ಹೇಳುವಾಗ ಅಳು ಬಂತು. ಅಮ್ಮ ಮೊದಲಿನಿಂದ ಕೊನೆಯವರೆಗೆ ದಾರಗಳನ್ನು ಮುಟ್ಟುತ್ತಾ ಹೋದಳು. ಒಂದೊಂದರ ಹೊಲಿಗೆಯನ್ನೂ ಎಣಿಸಿದಳು. ಎರಡು ಕಡೆ ಬೆರಳು ಹಿಂದಕ್ಕೆ ಬಂದು ಮತ್ತೆ ಎಣಿಸಿತು.

"ಮೂವತ್ತೇಳು," ಎಂದಳು ಕೊನೆಗೆ. "ಸರಿಯಾಗಿದೆ. ಒಂದೂ ತಪ್ಪಿಲ್ಲ."

"ಇಲ್ಲಮ್ಮ, ಇನ್ನೊಂದಿದೆ. ಕಪ್ಪು ದಾರ. ಅದರ ಜಾಗ ಎಷ್ಟು ಹುಡುಕಿದ್ರೂ ಸಿಗಲಿಲ್ಲ. ಇಡೀ ಬೈಬಲ್ ಒಂದೊಂದು ಹಾಳೆ ನೋಡ್ದೆ."

"ಕಪ್ಪಾ? ನಾನು ಕಪ್ಪು ಯಾವಾಗ ಹಾಕಿದ್ದೆ? ಕೊಡಿಲ್ಲಿ."

ಅಮ್ಮ ಅದನ್ನು ಎರಡು ಬೆರಳ ನಡುವೆ ಉಜ್ಜಿದಳು. ಗಂಟನ್ನು ಉಗುರಿನಿಂದ ಕೆದಕಿದಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು. ನಗು ಬಾಯಿಗೆ ಬರುವಷ್ಟರಲ್ಲಿ ಅವಳ ಕುರುಡು ಕಣ್ಣಲ್ಲೂ ನೀರು.

"ಮೂವತ್ತೊಂದು ವರ್ಷ ಡಾಕ್ಟರುಗಳ ಕೋಟು ಮುಟ್ಟಿದೋಳು ಕಣೇ ನಾನು. ಇದು ಗುಂಡಿ ಹೊಲಿಯೋ ದಾರ! ನಿನ್ನ ಅಂಟಿನ ತಾತನ ಅಂಗಿ ಗುಂಡಿ ಕಿತ್ತು ಬಿದ್ದಿರಬೇಕು."

ನಾನು ಆ ದಾರವನ್ನು ಈಸಿಕೊಂಡು ಮತ್ತೆ ನೋಡಿದೆ.

"ಅಂದ್ರೆ," ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, "ಆ ಮುದುಕನ ಗುಂಡಿಗೋಸ್ಕರ ನೀನು ಇಡೀ ಬೈಬಲ್ ಓದಿದ್ಯಾ?"

"ಇಡೀದು ಎಲ್ಲಿ ಓದ್ದೆ ಅಮ್ಮ! ಅಲ್ಲಲ್ಲಿ."

"ನಿಮ್ಮಪ್ಪ ಎಷ್ಟು ಹೇಳಿದ್ರೂ ನೀನು ಕೂರ್ತಾ ಇರಲಿಲ್ಲ. ಕೊನೆಗೆ ಗುಂಡಿ ಕೂರಿಸ್ತು." ಮತ್ತೆ ನಕ್ಕಳು.

ಮರುದಿನ ಅಂಟಿನ ತಾತನಿಗೆ ವಿಷಯ ತಿಳಿಸಿದಾಗ ಅವನು ತನ್ನ ಅಂಗಿಯ ಎದೆ ನೋಡಿಕೊಂಡು ಹಣೆ ಚಚ್ಚಿಕೊಂಡ. ಆದರೆ ನಾನು ಹೇಳಬೇಕಾದದ್ದು ಆ ಸಂಜೆಯ ಮಾತು. ನಗು ನಿಂತ ಮೇಲೆ ಅಮ್ಮ ಒಂದು ದಾರ ಹಿಡಿದು ತೆರೆದಳು. ಎರಡು ಹೊಲಿಗೆಯದು. ನಾನು ಓದಿದೆ. ಅವಳು ತುಟಿ ಅಲುಗಿಸುತ್ತಾ ಜೊತೆಗೆ ಹೇಳಿಕೊಂಡಳು. ನನ್ನ ಎದೆಯ ಮೇಲಿನ ಕಲ್ಲು ಆಗ ಇಳಿಯಿತು. ಮುಗಿದ ಮೇಲೆ ಪುಸ್ತಕವನ್ನು ಮುಚ್ಚಿ ನನ್ನ ತೊಡೆಯ ಮೇಲಿಟ್ಟಳು.

"ನೀನೊಂದು ತೆಗಿ."

"ಯಾವುದು?"

"ಅದನ್ನ ನನ್ನ ಕೇಳಿದ್ರೆ? ಒಂದೂವರೆ ದಿನ ಅದರೊಳಗೇ ಇದ್ಯಲ್ಲ. ಎಲ್ಲಾದ್ರೂ ನಿಂತಿರ್ತೀಯ."

ನಿಂತಿದ್ದೆ. ದಾರವೇ ಇಲ್ಲದ ಒಂದು ಪುಟ ತೆಗೆದೆ. ಬಿದ್ದುಹೋದ ಊರ ಗೋಡೆಯನ್ನು ಯಾರ್ಯಾರು ಎಲ್ಲಿಂದ ಎಲ್ಲಿಯವರೆಗೆ ಮತ್ತೆ ಕಟ್ಟಿದರು ಎಂಬ ಉದ್ದನೆಯ ಪಟ್ಟಿ ಅದು. ಆ ಹೆಸರುಗಳು ನನ್ನ ನಾಲಿಗೆಗೆ ಹೊರಳುವಂಥವಲ್ಲ. ಅಪ್ಪ ಅದನ್ನು ಯಾವಾಗಲೂ ದಾಟಿಸಿ ಮುಂದಕ್ಕೆ ಹೋಗುತ್ತಿದ್ದರು. ಅಕ್ಕಸಾಲಿಗರು ಒಂದು ತುಂಡು ಕಟ್ಟಿದರು, ವ್ಯಾಪಾರಿಗಳು ಒಂದು ತುಂಡು. ಕೆಲವರು ತಮ್ಮ ತಮ್ಮ ಮನೆಯ ಮುಂದಿನಷ್ಟನ್ನು ಕಟ್ಟಿದರು. ಒಬ್ಬ ತನ್ನ ಹೆಣ್ಣುಮಕ್ಕಳ ಜೊತೆ ಸೇರಿ ಕಟ್ಟಿದ. ನಾನು ಒಂದೊಂದೇ ಹೆಸರು ಒಡೆದು ಒಡೆದು ಓದಿದೆ.

ಅಮ್ಮ ಕತ್ತು ಮುಂದೆ ಚಾಚಿ ಕೇಳುತ್ತಿದ್ದಳು.

"ಹೆಣ್ಣುಮಕ್ಕಳೂ ಕಲ್ಲು ಹೊತ್ತರಾ?"

"ಹಾಗೇ ಬರೆದಿದೆ ಅಮ್ಮ."

"ಅವರ ಹೆಸರು?"

"ಅಪ್ಪನ ಹೆಸರಿದೆ. ಅವರದ್ದು ಇಲ್ಲ."

"ಇರಲಿ ಬಿಡು. ಕೆಲಸ ಬರೆದಿದ್ದಾರಲ್ಲ." ಅಮ್ಮ ಆ ಪುಟದ ಮೇಲೆ ಅಂಗೈ ಆಡಿಸಿದಳು. "ಅರವತ್ತು ವರ್ಷ ಈ ಪುಸ್ತಕ ಕೈಯಲ್ಲಿತ್ತು. ಇದು ಇದರೊಳಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡು. ಇನ್ನೊಂದ್ಸಲ ಓದು. ನಿಧಾನವಾಗಿ ಓದು, ಅವಸರ ಏನಿಲ್ಲ."

ನಾನು ಪಟ್ಟಿಯ ಮೊದಲ ಹೆಸರಿನ ಕೆಳಗೆ ಬೆರಳಿಟ್ಟೆ. ಅಮ್ಮ ಸೂಜಿಗಾಗಿ ಕೈ ಚಾಚಿ ತಡಕಾಡುತ್ತಿದ್ದಳು.