ಕೊನೆಯವರು ಯಾರೆಂದು ಕೇಳಿದ ಎನೇಯ್ದಾ

ಸಾಂಟಿಯಾಗೊ ದೆ ಕ್ಯೂಬಾದ ಒಂದು ಚಿಕಿತ್ಸಾಲಯದಲ್ಲಿ ರೋಗಿಗಳ ಪಡಿತರ ಹಾಲಿನ ಪಟ್ಟಿಯ ಕೊನೆಯ ಹೆಸರು ಹದಿನಾಲ್ಕು ತಿಂಗಳಲ್ಲಿ ಹದಿಮೂರು ಸಲ ಬಿಟ್ಟುಹೋಯಿತು. ಪಟ್ಟಿ ಬರೆಯುತ್ತಿದ್ದ ಗುಮಾಸ್ತೆ ಮಿರ್ತಾ ದುವೆರ್ಜೆಲ್ ಅವರನ್ನು ಕೆಲಸದಿಂದ ತೆಗೆದರು.

ಈ ಅಭಿನಂದನ ಗ್ರಂಥದ ಮೂಲಕ ನಾವು ಗೌರವಿಸುತ್ತಿರುವ ಎನೇಯ್ದಾ ಲೆಸ್ಕಾಯ್ ಅವರು ಹಳೆಯ ಗಣಕಯಂತ್ರಗಳಿಂದ ಹೊಸ ವೇಗ ಹಿಂಡುವ ವಿದ್ಯೆಯಲ್ಲಿ ಈ ದ್ವೀಪಕ್ಕೇ ಹಿರಿಯರು. ಪದೇಪದೇ ಬೇಕಾಗುವ ಮಾಹಿತಿಯನ್ನು, ಒಲೆಯ ಪಕ್ಕದ ಉಪ್ಪಿನ ಡಬ್ಬಿಯಂತೆ, ಯಂತ್ರದ ಕೈಗೆಟುಕುವಲ್ಲಿ ಒತ್ತೊತ್ತಾಗಿ ಜೋಡಿಸಿಡುವುದನ್ನು ಮೂವತ್ತೊಂದು ವರ್ಷ ಕಲಿಸಿದವರು. ಶಿಷ್ಯ ಅರಿಸ್ತಿದೆಸ್‌ಗೆ ಹಾಳೆಯ ಬೆನ್ನಲ್ಲಿ ಪೆನ್ಸಿಲಿನಿಂದ ಬರೆದು ತೋರಿಸುತ್ತ, ತಮ್ಮ ಪಾಲಿನ ಕಾಫಿಯಲ್ಲಿ ಅರ್ಧ ಕೊಟ್ಟವರು.

ಹಾಲಿನ ಪಟ್ಟಿಗಳನ್ನು ಓದುವ ಪ್ರೋಗ್ರಾಂ ಬರೆದವನು ಆ ಅರಿಸ್ತಿದೆಸನೇ. ಅದು ಒಂದೊಂದೇ ಅಕ್ಷರ ನೋಡದೆ ಹದಿನಾರನ್ನು ಒಂದೇ ಹಿಡಿಗೆ ಬಾಚುತ್ತಿತ್ತು. ಅರ್ಧ ದಿನದ ಕೆಲಸ ಆರು ನಿಮಿಷಕ್ಕಿಳಿಯಿತು. ಅವರಿಬ್ಬರೂ ದುಡಿಯುತ್ತಿದ್ದ ಗಣಕ ಕೇಂದ್ರಕ್ಕೆ ಪದಕ ಬಂತು.

ಒಂದು ಬೆಳಿಗ್ಗೆ ಎನೇಯ್ದಾ ಬ್ರೆಡ್ಡಿನ ಸಾಲಿಗೆ ಬಂದು, ಯಾರ ಹಿಂದೆ ನಿಲ್ಲಬೇಕೆಂದು ತಿಳಿಯಲು ಅಲ್ಲಿನ ವಾಡಿಕೆಯಂತೆ ಕೇಳಿದರು: "ಕೊನೆಯವರು ಯಾರಪ್ಪಾ?"

"ನಾನೇ ತಾಯಿ," ಮುದುಕ ಫಿಲಿಬೆರ್ತೊ ಸಾಯಾಸ್ ಕೈಯೆತ್ತಿದ. "ಇಲ್ಲಾದ್ರೂ ಕೊನೇಲಿದೀನಿ. ನಿಮ್ಮ ಹಾಲಿನ ಪಟ್ಟೀಲಿ ಅದೂ ಇಲ್ಲ. ಮಿರ್ತಾ ನನ್ನೆದುರಿಗೇ ನನ್ನ ಹೆಸರು ಬರೀತಿದ್ಲು, ನಿಮ್ಮ ಮಿಷನ್ನೇ ನುಂಗಿದ್ದು!"

ಬ್ರೆಡ್ಡನ್ನೂ ಕೊಳ್ಳದೆ ಕೇಂದ್ರಕ್ಕೆ ಬಂದ ಎನೇಯ್ದಾ ಅವರಿಗೆ ಮಧ್ಯಾಹ್ನದೊಳಗೆ ತಪ್ಪು ಸಿಕ್ಕಿತು. ಪಟ್ಟಿಯ ತುದಿಯಲ್ಲಿ ಹಿಡಿ ತುಂಬದಷ್ಟು ಅಕ್ಷರ ಉಳಿದರೆ ಪ್ರೋಗ್ರಾಂ ಅವನ್ನು ಓದದೆ ಬಿಡುತ್ತಿತ್ತು. ಅವುಗಳೊಡನೆ ಕೊನೆಯ ಹೆಸರೂ ಹೋಗುತ್ತಿತ್ತು. ಅಕ್ಷರಗಳು ಹದಿನಾರರ ಹಿಡಿಗಳಲ್ಲಿ ಸರಿಯಾಗಿ ಮುಗಿದ ಒಂದು ತಿಂಗಳು ಮಾತ್ರ ಫಿಲಿಬೆರ್ತೊಗೆ ಹಾಲು ಸಿಕ್ಕಿತ್ತು. ಯಂತ್ರದ ತಪ್ಪಾಗಿದ್ದರೆ ಪ್ರತಿ ತಿಂಗಳೂ ಆಗಬೇಕಿತ್ತೆಂದು, ಅದನ್ನೇ ಮಿರ್ತಾಳ ಕಳ್ಳಾಟಕ್ಕೆ ಸಾಕ್ಷಿ ಮಾಡಿದ್ದರು.

ಅರಿಸ್ತಿದೆಸ್‌ಗೆ ತಲೆಯೆತ್ತಲಾಗಲಿಲ್ಲ.

"ಏಳು ಮಾರಾಯ. ಬರೆದವನು ನೀನು, ನೋಡಿ ಒಪ್ಪಿದವಳು ನಾನು. ಇನ್ಮೇಲೆ ತುದಿ ಮೊದಲು ಬರಿ, ವೇಗ ಆಮೇಲೆ."

ಎನೇಯ್ದಾ ಅಂದದ್ದು ಅಷ್ಟೇ. ಆ ಅಷ್ಟಕ್ಕೆ ಅವನು ಇಂದಿಗೂ ಋಣಿ. ಅವರಿಗೆ ದೀರ್ಘಾಯುಸ್ಸನ್ನೂ, ಇನ್ನಷ್ಟು ಶಿಷ್ಯರ ತುದಿಗಳನ್ನು ತಿದ್ದುವ ಕಸುವನ್ನೂ ಹಾರೈಸುವಾಗ ಅವನ ಕಣ್ಣಿಗೆ ಕಟ್ಟುವುದು ಮರುದಿನ ಅವರ ಜೊತೆ ಹೋದ ಕೇಂದ್ರದ ನಿರ್ದೇಶಕರ ಕೋಣೆ.

"ನಿವೃತ್ತಿಗೆ ಎರಡೇ ತಿಂಗಳಿದೆ, ಎನೇಯ್ದಾ. ಪ್ರೋಗ್ರಾಂ ಸದ್ದಿಲ್ಲದೆ ಸರಿಮಾಡಿ," ಎಂದ ನಿರ್ದೇಶಕರು ಒಂದು ಹಾಳೆ ಮುಂದೆ ತಳ್ಳಿದರು. "ತಪ್ಪು ಗುಮಾಸ್ತೆದು ಅಂತ ಬರೆದಿದೆ. ಸಹಿ ಹಾಕಿ, ಹೋಗಿ ಆರಾಮಾಗಿ ತೂಗುಕುರ್ಚೀಲಿ ಕೂತ್ಕೊಳ್ಳಿ."

ಎನೇಯ್ದಾ ಹಾಳೆಯನ್ನು ಕೊನೆಯ ಅಕ್ಷರದವರೆಗೆ ಓದಿದರು. ಪೆನ್ನನ್ನು ಮೇಜಿನ ಮೇಲಿಟ್ಟರು.

"ತೂಗುಕುರ್ಚಿ ಕಾಯಲಿ. ಮಿರ್ತಾ ಕಾದದ್ದು ಸಾಕು. ನಾನು ಸಹಿ ಹಾಕಲ್ಲ."